ಸಲಹೆಗೆ ಎರಡೇ ಗೆರೆ

ಬೋಳೂರಿನ ಈ ಬತ್ತೇರಿಯ ಮೆಟ್ಟಿಲು ಗುಡಿಸುವವಳು ನಾನು, ಸುಗಂಧಿ.
ಗುತ್ತಿಗೆಯವಳು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು
ಪೆನ್ಸಿಲಿನಲ್ಲಿ ಉಂಟು.

ನಿನ್ನೆ ನಾಲ್ಕು ಜನ ಬಂದರು. ಒಬ್ಬರ ಕೈಯಲ್ಲಿ ಟೇಪು,
ಒಬ್ಬಳ ಕೈಯಲ್ಲಿ ಬಣ್ಣದ ಚಿತ್ರ: ಇದೇ ಬತ್ತೇರಿ,
ಆದರೆ ಕಲ್ಲಿನ ಮೈಮೇಲೆ ನೇರಳೆ ದೀಪ,
ಎದುರಿಗೆ 'ಐ ಲವ್ ಮಂಗಳೂರು' ಎಂದು ಆಳೆತ್ತರದ ಅಕ್ಷರ,
ಚಿತ್ರದೊಳಗೆ ನಡೆದಾಡುವವರಿಗೆಲ್ಲ ಬಿಳಿ ಅಂಗಿ.
ಒಬ್ಬರೂ ಬೆವರಿರಲಿಲ್ಲ.

"ಪ್ರವಾಸಿಗರ ಅನುಭವ ಸುಧಾರಣೆ" ಎಂದರು,
ನನಗೂ ಒಂದು ಫಾರಂ ಕೊಟ್ಟರು.
ಹೆಸರಿಗೆ ಒಂದು ಗೆರೆ, ಮೊಬೈಲಿಗೆ ಒಂದು,
ವಯಸ್ಸಿಗೆ ಐದು ಚೌಕ,
ಸಲಹೆಗೆ ಎರಡೇ ಗೆರೆ.

ಎರಡು ಗೆರೆಯಲ್ಲಿ ಎಂತ ಬರೆಯುವುದು ಮಾರಾಯ್ರೆ?

ಹನ್ನೊಂದು ವರ್ಷ ನೋಡಿದ್ದೇನೆ. ಬಂದವರು
ಸುಲ್ತಾನ ಯಾರೆಂದು ಕೇಳುವುದಿಲ್ಲ.
ಮೊದಲು ಕೇಳುವುದು ನೀರು.
ಆಮೇಲೆ ಹೆಂಗಸರು, ದನಿ ತಗ್ಗಿಸಿ, ಇನ್ನೊಂದು.
ಅದಕ್ಕೊಂದು ಕಟ್ಟಡ ಉಂಟು, ಟೈಲ್ಸ್ ಉಂಟು, ಬೀಗವೂ ಉಂಟು.
ಕೀಲಿಕೈ ಮಾತ್ರ ಪೇಟೆಯ ಕಚೇರಿಯಲ್ಲಿ.
ನಾನು ಅವರನ್ನು ಸೆವ್ರಿನ್ ಬಾಯಿಯ ಮನೆಗೆ ಕಳಿಸುತ್ತೇನೆ.
ಬಾಯಿ ಬೈಯುತ್ತಾಳೆ, ಬಾಗಿಲು ತೆರೆಯುತ್ತಾಳೆ.
ಬೆಳಗಾವಿಯ ಒಬ್ಬ ಅಜ್ಜಿ ಊರಿಗೆ ಹೋದ ಮೇಲೆ
ಅವಳಿಗೆ ಪಾರ್ಸೆಲಿನಲ್ಲಿ ಕುಂದಾ ಕಳಿಸಿದ್ದರು, ಜೊತೆಗೊಂದು ಕಾಗದ.
ಬತ್ತೇರಿಯ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ.

ಮೆಟ್ಟಿಲು ಹತ್ತುತ್ತಾರೆ, ಫೋಟೊ ತೆಗೆಯುತ್ತಾರೆ,
"ಇಷ್ಟೇನಾ?" ಅನ್ನುತ್ತಾರೆ.
ಇಷ್ಟೇ. ಕಪ್ಪು ಕಲ್ಲು, ಕಿಂಡಿ, ಫಿರಂಗಿ ಇರಬೇಕಾದಲ್ಲಿ ಗಾಳಿ.
ಗೋಡೆಯಲ್ಲಿ ಮೊಳೆಯಿಂದ ಗೀರಿದ ಲೋಕೇಶ ಪ್ಲಸ್ ಪ್ರಮೀಳಾ.
ಬ್ರಷ್ ಹಾಕಿ ತಿಕ್ಕಿ ನೋಡಿದ್ದೇನೆ,
ಕಲ್ಲು ಹೋಗುತ್ತದೆ, ಹೆಸರು ಹೋಗುವುದಿಲ್ಲ.

ಮೂರನೇ ಕಿಂಡಿ ಮಾತ್ರ ಬೇರೆ.
ಕಣ್ಣಿಟ್ಟರೆ ಹೊಳೆ ಒಂದು ಬೊಗಸೆಯಷ್ಟೇ,
ಆಚೆ ತಣ್ಣೀರುಬಾವಿಯ ಗಾಳಿಮರ.
ಆ ಬೊಗಸೆಗೆ ಸಂಜೆಯ ದೋಣಿ ಬರುತ್ತದೆ:
ಮೊದಲು ಮೂತಿ, ಆಮೇಲೆ ಸ್ಕೂಟರು, ಮೀನಿನ ಬುಟ್ಟಿ,
ಯಾರದೋ ಜಡೆ, ಕೊನೆಗೆ ಹೊಗೆ.
ಯಾರು ಬರುತ್ತಾರೋ ಎಂದು ಇಲ್ಲೇ ಕಣ್ಣಿಟ್ಟು
ಕೂತಿದ್ದವನೊಬ್ಬ ಇದ್ದ, ಅವನಿಗೂ ಸೊಳ್ಳೆ ಕಚ್ಚಿತ್ತು ಎಂದು
ಬೋರ್ಡು ಓದದವರಿಗೂ ಆಗ ಗೊತ್ತಾಗುತ್ತದೆ.

ಆದರೆ ಕಿಂಡಿ ಎತ್ತರ. ಫಿರಂಗಿಗೆ ಅಳೆದದ್ದು, ಮಕ್ಕಳಿಗಲ್ಲ.
ಎತ್ತಿ ತೋರಿಸಲು ಅಪ್ಪಂದಿರ ಕೈಯಲ್ಲಿ ಫೋನು.
ಅದಕ್ಕೇ ನಾನೊಂದು ಪೇಂಟಿನ ಬಕೆಟ್ಟು ಕವುಚಿ ಇಟ್ಟದ್ದು.

ಟೇಪಿನವರು ನಿನ್ನೆ ಅದನ್ನು ಕಾಲಿನಿಂದ ಸರಿಸಿದರು:
"ಇದೆಂತ ಕಸ?"
ಕಸ ಎತ್ತುವವಳೇ ನಾನು. ಎತ್ತಿದೆ,
ಗೋಡೆಯ ಮರೆಯಲ್ಲಿ ಇಟ್ಟೆ.

ಅವರೆಲ್ಲ ಕಾರು ಹತ್ತಿದ ಮೇಲೆ
ಚಿತ್ರ ಹಿಡಿದಿದ್ದ ಹುಡುಗಿ ವಾಪಸು ಬಂದಳು, ಕೊಡೆ ಮರೆತದ್ದಂತೆ.
ಗಿಡ್ಡ ಜೀವ. ಕಿಂಡಿಯ ಹತ್ತಿರ ತುದಿಗಾಲಲ್ಲಿ ನಿಂತಳು.
ನಾನು ಏನೂ ಹೇಳದೆ ಬಕೆಟ್ಟು ತಂದಿಟ್ಟೆ.

ದೋಣಿ ಬಂತು. ಹೋಯಿತು. ಮತ್ತೆ ಬಂತು.
ಕೆಳಗೆ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು.
ಇಳಿದವಳು ಮೊಣಕೈಯ ಧೂಳು ಒರೆಸಿಕೊಳ್ಳಲಿಲ್ಲ.
ಕುಕ್ಕರಗಾಲಲ್ಲಿ ಕೂತು ಬಕೆಟ್ಟಿನ ಎತ್ತರವನ್ನು
ಗೇಣಿನಲ್ಲಿ ಅಳೆದಳು: ಎರಡು, ಮೇಲೆ ಎರಡು ಬೆರಳು.
ಮತ್ತೆ ಕೊಡೆ ಮರೆತು ಹೋದಳು.

ಈಗ ಫಾರಂ ತೊಡೆಯ ಮೇಲೆ ಉಂಟು.
ಗೆರೆ ಒಂದು: ಕೀಲಿಕೈ ಇಲ್ಲಿಗೆ ಕೊಡಿ.
ಗೆರೆ ಎರಡು: ಮೂರನೇ ಕಿಂಡಿಯ ಕೆಳಗೆ ಒಂದು ಕಲ್ಲು, ಎತ್ತರ ಎರಡು ಗೇಣು
(ಜಾಗ ಮುಗಿಯಿತು, ಅಂಚಿನಲ್ಲಿ ಅಡ್ಡ ಬರೆದೆ)
ಮೇಲೆ ಎರಡು ಬೆರಳು.

ಯಾರ ಗೇಣು ಎಂದು ಕೇಳಿದರೆ
ಕೊಡೆ ತೋರಿಸುತ್ತೇನೆ.